ಚಿಲಕವಿರುವ ಶಾಲೆ

ನಾಲ್ಕನೇ ತರಗತಿ ಮುಗಿಸಿದ ಕೋಕಿಲಾಳನ್ನು ಯಾವ ಸರ್ಕಾರಿ ಮಿಡ್ಲ್ ಸ್ಕೂಲಿಗೆ ಸೇರಿಸಬೇಕು ಎಂಬುದಕ್ಕೆ ಬಸವೇಶ್ವರನಗರದ ಆ ವಠಾರದಲ್ಲಿ ಎಲ್ಲರ ಬಳಿಯೂ ಉತ್ತರವಿತ್ತು. ಅವಳ ತಾಯಿ ಸತ್ಯವತಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಗಂಡ ಜಗನ್ನಾಥ ರಾಜಾಜಿನಗರದ ಕಡೆಯ ಒಂದು ಶಾಲೆಯ ಪರ. ತಾರಸಿ ಕಟ್ಟಡ, ಸುತ್ತ ಎತ್ತರದ ಕಾಂಪೌಂಡು, ಒಳ್ಳೆಯ ರಿಸಲ್ಟು, ಗೇಟಿನಲ್ಲೇ ನಿಂತು ಮಕ್ಕಳ ಉಗುರು ನೋಡುವ ಹೆಡ್‌ಮಾಸ್ಟರು. ಹತ್ತಿರದ ಇನ್ನೊಂದು ಶಾಲೆ ಮೂಡಲಪಾಳ್ಯದ್ದು, ಅದಕ್ಕೆ ಹೆಂಚಿನ ಮಾಡು. ಕಾಂಪೌಂಡೇ ಇಲ್ಲದ್ದರಿಂದ ಎಮ್ಮೆಗಳೂ ಅಡ್ಮಿಷನ್ ಇಲ್ಲದೆ ಪಾಠ ಕೇಳುತ್ತಿದ್ದವು.

"ಆರನೇ ಕ್ಲಾಸಿಗೇ ಕೈಮುಗಿದವಳು, ನಿನಗೇನೇ ಗೊತ್ತಾಗುತ್ತೆ?" ಎಂದು ಅತ್ತೆ ಅನಂತಲಕ್ಷ್ಮಿ ನಗುತ್ತಿದ್ದರು. ಸತ್ಯವತಿಯೂ ನಗುತ್ತಿದ್ದಳು. ಓದು ತಲೆಗೆ ಹತ್ತಲಿಲ್ಲವೆಂದು ತವರಿನವರು ಕೊಟ್ಟ ಕಾರಣವನ್ನೇ ಇಷ್ಟು ವರ್ಷ ಸಾಕಿಕೊಂಡು ಬಂದಿದ್ದಳು. ನಿಜವಾದ ಕಾರಣ ಹೇಳಿಕೊಳ್ಳುವಂಥದ್ದಲ್ಲ. ಶಾಲೆಯಲ್ಲಿ ಒಂದಕ್ಕೆ ಹೋಗಲು ಜಾಗವಿಲ್ಲವೆಂದು ಸಂಜೆಯವರೆಗೂ ನೀರು ಕುಡಿಯದೆ, ಕಾಲಿಗೆ ಕಾಲು ಹೆಣೆದುಕೊಂಡು ಕೂತ ಹುಡುಗಿಯ ತಲೆಗೆ ಭಾಗಾಕಾರ ಎಲ್ಲಿಂದ ಹತ್ತಬೇಕು?

ಹಿಂದಿನ ವಾರ ಅವಳು ಒಬ್ಬಳೇ ಮೂಡಲಪಾಳ್ಯಕ್ಕೆ ಹೋಗಿ ನೋಡಿಬಂದಿದ್ದಳು. ಶಾಲೆಯ ಹಿಂದೆ ಹುಡುಗಿಯರಿಗೊಂದು ಕಕ್ಕಸು, ಡ್ರಮ್ಮಿನಲ್ಲಿ ನೀರು, ಬಾಗಿಲಿಗೆ ಒಳಗಡೆ ಚಿಲಕ.

ಅಡ್ಮಿಷನ್ನಿನ ದಿನ ಸ್ಕೂಟರ್ ಹತ್ತುವ ಮೊದಲು ದೊಡ್ಡ ಲೋಟದ ತುಂಬ ಕಾಫಿ ಕುಡಿದಳು, ಮೇಲೊಂದು ಚೊಂಬು ನೀರು.

ರಾಜಾಜಿನಗರದ ಹೆಡ್‌ಮಾಸ್ಟರು ರಿಸಲ್ಟಿನ ಬೋರ್ಡು ತೋರಿಸುತ್ತಿದ್ದಾಗ ಅವಳಿಗೆ ನಿಜವಾಗಿಯೂ ತಡೆಯದಾಯಿತು.

"ಸಾರ್, ಹೆಣ್ಮಕ್ಕಳ ಕಕ್ಕಸು ಎಲ್ಲಿದೆ? ಸ್ವಲ್ಪ ಅರ್ಜೆಂಟು."

ಜಗನ್ನಾಥ ಫ್ಯಾನನ್ನು ಮೊದಲ ಸಲ ಕಂಡವನಂತೆ ಮೇಲೆ ನೋಡತೊಡಗಿದ.

"ಬೀಗ ಹಾಕಿದೀವಮ್ಮ. ಇನ್ಸ್‌ಪೆಕ್ಟರ್ ಬಂದಾಗ ತೆಗೀತೀವಿ. ಬಹಳ ಕ್ಲೀನಾಗಿದೆ."

"ಮತ್ತೆ ಹುಡುಗರು?"

"ಅವರಿಗೇನು, ಕಾಂಪೌಂಡು ಇದೆಯಲ್ಲ."

"ಹುಡುಗೀರು?"

"ನಮ್ಮ ಹುಡುಗೀರು ತುಂಬ ಶಿಸ್ತು ಕಣಮ್ಮ. ಕೇಳೋದೇ ಇಲ್ಲ."

ಸತ್ಯವತಿ ಮಗಳ ಕೈ ಹಿಡಿದು ಹೊರಗೆ ನಡೆದಳು. ಜಗನ್ನಾಥ ಸ್ಕೂಟರಿನ ಬಳಿ ಅವಳನ್ನು ತಡೆದ.

"ಮಾನ ಕಳೆದೆಯಲ್ಲೇ. ಇಷ್ಟಕ್ಕೆಲ್ಲ ಯಾರಾದ್ರೂ ಸ್ಕೂಲು ಬಿಡ್ತಾರಾ?"

"ನಾನು ಬಿಟ್ಟಿದ್ದು ಇಷ್ಟಕ್ಕೇರೀ."

ಅವನು ಸ್ಕೂಟರು ಹತ್ತಿದ. ಕಿಕ್ಕರ್ ಒದ್ದರೆ ಅದು ಸ್ಟಾರ್ಟಾಗಲಿಲ್ಲ. ಒಂದು ಪಕ್ಕಕ್ಕೆ ವಾಲಿಸಿ, ಮತ್ತೆ ಒದ್ದು, ಮೂಡಲಪಾಳ್ಯದ ಕಡೆ ತಿರುಗಿಸಿದ. ಹಿಂದಿನ ವಾರ ಅಲ್ಲಿ ತಾನು ನೋಡಿಬಂದ ಚಿಲಕದ ವಿಷಯ ದಾರಿಯಲ್ಲಿ ಹೇಳುತ್ತ, ಹಳ್ಳ ಬಂದಲ್ಲೆಲ್ಲ ಸತ್ಯವತಿ ಹಲ್ಲು ಕಚ್ಚಿದಳು. ಗಂಡ ಎಂದೂ ಇಲ್ಲದ ಹಾಗೆ ನಿಧಾನವಾಗಿ ಓಡಿಸುತ್ತಿದ್ದ.

ಶಾಲೆಯ ಮುಂದೆ ಎಮ್ಮೆಯೊಂದನ್ನು ಅಟ್ಟುತ್ತಿದ್ದ ಹೆಡ್‌ಮೇಡಂ ಕಡ್ಡಿ ಕೆಳಗಿಟ್ಟು, ಏನಾಗಬೇಕು ಎಂದು ಕೇಳಿದರು. ಜಗನ್ನಾಥ ಗಂಟಲು ಸರಿಮಾಡಿಕೊಂಡ.

"ಅಡ್ಮಿಷನ್ನು ಮೇಡಂ. ಅದಕ್ಕೆ ಮುಂಚೆ ಒಂದು ಮಾತು. ಹೆಣ್ಮಕ್ಕಳದು... ಆ ಚಿಲಕ ಸರಿಯಾಗಿ ಬೀಳುತ್ತೆ ತಾನೇ?"

ಉತ್ತರ ಕೇಳಲು ಸತ್ಯವತಿ ಅಲ್ಲಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಎಮ್ಮೆಯನ್ನು ದಾಟಿ, ಆಗಲೇ ಶಾಲೆಯ ಹಿಂದಕ್ಕೆ ಓಡಿದ್ದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಚಿಲಕ ಬಿದ್ದ ಸದ್ದು ಹೆಂಚಿನವರೆಗೂ ಕೇಳಿತು.