ಡಾಂಬರಿನ ಕೆಳಗಿನ ಬೆಳಕು

ಸಂತೆಯ ದಿನ ಬೇಕರಿಯ ಮುಂದೆ ಸಾಲಿನಲ್ಲಿ ನಿಂತಿದ್ದ ಎನಿಡ್ ಮೆಟ್ಕಾಫ್, ತನ್ನ ಹಿಂದೆ ಬಂದು ನಿಂತವಳು ಜಿಲಿಯನ್ ಎಂದು ಗೊತ್ತಾದ ಕೂಡಲೇ ಅರ್ಧ ತಿರುಗಿ ಮಾತಿಗೆ ತೊಡಗಿದಳು. ಜಿಲಿಯನ್ ಆಲ್ಡರ್ಸನ್ ಸ್ಕಾರ್‌ಬೆಕ್ ಎಸ್ಟೇಟಿನ ಸರ್ವೇಯರು. ಆ ಕಣಿವೆಯಲ್ಲಿ ಒಕ್ಕಲುಗಳಿಗೆ ಬಿಟ್ಟುಕೊಟ್ಟ ಮನೆ, ಕೊಟ್ಟಿಗೆ, ಹೊಗೆಗೂಡು, ಮೆಟ್ಟಿಲು ಎಲ್ಲ ನೆಟ್ಟಗಿವೆಯೇ, ಅಲ್ಲಿ ಕೆಲಸಕ್ಕೆ ಹೋದವರು ಕೈಕಾಲು ಮುರಿದುಕೊಳ್ಳದೆ ಮನೆಗೆ ಮರಳುತ್ತಾರೆಯೇ ಎಂದು ನೋಡಿಕೊಳ್ಳುವುದು ಅವಳ ಕೆಲಸ. ಎನಿಡ್ ಮತ್ತು ಅವಳ ಗಂಡ ಕ್ಲಿಫರ್ಡ್ ಕಣಿವೆಯ ತುತ್ತತುದಿಯ ಹೈ ಥ್ವೇಟ್ ಹೊಲಮನೆಯ ಒಕ್ಕಲು.

"ಕೊಟ್ಟಿಗೆ ಮಾಡು ರಿಪೇರಿಗೆ ನೀನು ಗೊತ್ತು ಮಾಡಿದ ಟೆರಿ ಬೆಳಿಗ್ಗೇನೇ ಬಂದ ಹುಡುಗೀ," ಎಂದಳು ಎನಿಡ್. ಜಿಲಿಯನ್‌ಗೆ ಐವತ್ತು ದಾಟಿತ್ತು. ಆದರೆ ತನಗಿಂತ ಚಿಕ್ಕವರೆಲ್ಲ ಎನಿಡ್‌ಗೆ ಹುಡುಗಿಯರೇ. "ಏಣಿ ಹಾಕ್ತಾ ಇದ್ದ, ನಾನು ಬಸ್ಸು ಹತ್ತಿದೆ."

"ಇವತ್ತಾ? ಸೋಮವಾರ ಅಂದಿದ್ದೆನಲ್ಲ ನಾನು?"

"ಸೋಮವಾರದ ಹೊತ್ತಿಗೆ ಮಳೆ ಹಿಡ್ಕೊಳ್ಳುತ್ತಂತೆ. ಒಳ್ಳೇದೇ ಆಯ್ತು ಬಿಡು. ಸೋರೋ ಜಾಗದ ಕೆಳಗೆ ಬಕೆಟ್ ಇಟ್ಟು ಇಟ್ಟು ಸಾಕಾಗಿತ್ತು. ಈಗ ಹುಲ್ಲೆಲ್ಲ ಖಾಲಿ ಆಗಿದ್ಯಲ್ಲ, ಕೊಟ್ಟಿಗೆ ಒಳಗೆ ಹೋದ್ರೆ ಚರ್ಚಿಗೆ ಹೋದಂಗಿರುತ್ತೆ ಕಣೇ. ಮೇಲಿಂದ ಪಟ್ಟೆ ಪಟ್ಟೆಯಾಗಿ ಕಂದು ಬೆಳಕು. ಗಟ್ಟಿ ಟೀ ಸೋಸಿದಂಗೆ."

ಜಿಲಿಯನ್ ಕೈ ಪರ್ಸಿನೊಳಗೇ ನಿಂತಿತು.

"ಮೇಲಿಂದ ಅಂದ್ರೆ ಎಲ್ಲಿಂದ?"

"ಮಾಡಿಂದ. ಇನ್ನೆಲ್ಲಿಂದ? ಬೆಳಕಿಗೆ ಅಂತ ನಮ್ಮ ಮಾವ ಹಾಕ್ಸಿದ್ದ ಪ್ಲಾಸ್ಟಿಕ್ ತಗಡು."

"ನಾನು ನೋಡೋಕೆ ಬಂದಾಗ ಅಲ್ಲಿ ಬೆಳಕೇ ಇರ್ಲಿಲ್ಲ."

"ಎಲ್ಲಿರುತ್ತೆ? ಆಗ ಹುಲ್ಲು ತೊಲೆ ಮುಟ್ಟೋ ಹಾಗೆ ತುಂಬಿತ್ತಲ್ಲ."

ಹೌದು, ತುಂಬಿತ್ತು. ಹುಲ್ಲಿನ ಕೊಯ್ಲು ಮುಗಿದು, ಒಕ್ಕಲುಗಳು ನಿಂತು ಮಾತಾಡಲು ಸಿಗುವ ಶರತ್ಕಾಲದಲ್ಲಿ ಜಿಲಿಯನ್ ಅಲ್ಲಿಗೆ ಹೋಗಿದ್ದಳು. ಕೊಟ್ಟಿಗೆಯ ಬಾಗಿಲು ತೆರೆದರೆ ಎದುರಿಗೆ ಹುಲ್ಲಿನ ಗೋಡೆ. ಹೊರಗಿನಿಂದ ಮಾಡು ಪೂರ್ತಿ ಒಂದೇ ಕಪ್ಪು. ತುಕ್ಕು ಹಿಡಿಯದಿರಲೆಂದು ಆ ಕಣಿವೆಯಲ್ಲಿ ತಗಡಿಗೆಲ್ಲ ಡಾಂಬರು ಬಳಿಯುತ್ತಾರೆ. ಬಳಿಯುವ ಕುಂಚಕ್ಕೆ ಇದು ಕಬ್ಬಿಣ, ಇದು ಪ್ಲಾಸ್ಟಿಕ್ ಎಂಬ ಭೇದವಿಲ್ಲ. ವರ್ಷಗಟ್ಟಲೆ ಬಿಸಿಲು, ಹಿಮ ತಿಂದು ಹಪ್ಪಳದಂತಾದ ಪ್ಲಾಸ್ಟಿಕ್ಕಿನ ಮೇಲೂ ಅದೇ ಡಾಂಬರು. ಅಂಗಳದಲ್ಲಿ ನಿಂತು ಬರೀ ಕಪ್ಪನ್ನು ಕಂಡ ಜಿಲಿಯನ್, ಮಾಡಿನ ಕೆಲಸದವರಿಗೆ ಕೊಡುವ ಸೂಚನೆಯಲ್ಲಿ ಪೂರ್ತಿ ಕಬ್ಬಿಣ, ಬೆಳಕಿಂಡಿ ಇಲ್ಲ, ನಡೆಯಲು ಹಲಗೆ ಬೇಡ, ಕೆಳಗೆ ಬಲೆ ಬೇಡ ಎಂದು ಬರೆದುಬಿಟ್ಟಿದ್ದಳು.

ಸಾಲು ಬಿಟ್ಟು ಹೊರಗೆ ಬಂದು ಹೈ ಥ್ವೇಟ್‌ಗೆ ಫೋನ್ ಮಾಡಿದಳು. ಗಂಟೆ ಬಾರಿಸುತ್ತಲೇ ಇತ್ತು.

"ಕ್ಲಿಫರ್ಡ್ ಎತ್ತಲ್ಲ," ಎಂದಳು ಹಿಂದೆಯೇ ಬಂದ ಎನಿಡ್. "ಪಕ್ಕದಲ್ಲೇ ಕೂತಿದ್ರೂ ಎತ್ತಲ್ಲ. ಫೋನು ಹೆಂಗಸ್ರ ಕೆಲಸವಂತೆ. ಏನಾಯ್ತೇ ನಿಂಗೆ, ಮುಖ ಬಿಳಿಚ್ಕೊಂಡಿದೆ?"

"ಟೆರಿ ಆ ತಗಡಿನ ಮೇಲೆ ಕಾಲಿಟ್ರೆ ಸೀದಾ ಕೆಳಗೆ ಬೀಳ್ತಾನೆ. ನನ್ನ ಕಾರು ಹತ್ತಿ, ಹೋಗೋಣ."

ಟೆರಿಯ ಮೊಬೈಲಿಗೂ ಮಾಡಿದಳು. ಪೇಟೆ ದಾಟಿ ಕಣಿವೆಯೊಳಗೆ ಹೋದರೆ ಯಾವ ಮೊಬೈಲೂ ಉಸಿರಾಡುವುದಿಲ್ಲ.

ದಾರಿ ಎರಡು ಕಲ್ಲಿನ ಗೋಡೆಗಳ ನಡುವೆ ಒಂದೇ ಕಾರಿಗಾಗುವಷ್ಟು ಅಗಲ. ಜಿಲಿಯನ್ ಪ್ರತಿ ತಿರುವಿನಲ್ಲೂ ಹಾರ್ನ್ ಒತ್ತುತ್ತಿದ್ದಳು. ಅವಳ ಕಣ್ಣಿಗೆ ಕಾಣುತ್ತಿದ್ದುದು ರಸ್ತೆಯಲ್ಲ, ಕೊಟ್ಟಿಗೆಯ ಕಲ್ಲುಹಾಸಿನ ನೆಲ. ಈಗ ಅಲ್ಲಿ ಒಂದು ಹಿಡಿ ಹುಲ್ಲೂ ಇಲ್ಲ. ತುಂಬಿದ ಕೊಟ್ಟಿಗೆಯಾಗಿದ್ದರೆ ಬಿದ್ದವನು ಹುಲ್ಲಿನ ಮೇಲೆ ಬಿದ್ದು ಬೈದುಕೊಂಡು ಎದ್ದು ಬರುತ್ತಿದ್ದ.

"ಟೆರಿ ಹಗುರ ಇದಾನೆ ಬಿಡೇ," ಎಂದಳು ಎನಿಡ್. ಜಿಲಿಯನ್ ಮತ್ತೆ ಹಾರ್ನ್ ಒತ್ತಿದಳು. ಮುಂದಿನ ತಿರುವಿನಲ್ಲಿ ಎನಿಡ್ ತಾನೇ, "ಅಷ್ಟೇನೂ ಹಗುರ ಇಲ್ಲ," ಎಂದಳು.

ಸೇತುವೆ ದಾಟಿದ ತಿರುವಿನಲ್ಲಿ ಕಾರು ಗಕ್ಕನೆ ನಿಂತಿತು. ರಸ್ತೆ ತುಂಬ ಕುರಿ. ಮೇ ತಿಂಗಳು. ಮರಿ ಹಾಕಿದ ಕುರಿಗಳನ್ನು ಕೆಳಗಿನ ಹೊಲಗಳಿಂದ ಬೆಟ್ಟಕ್ಕೆ ಹೊಡೆಯುವ ಕಾಲ. ಹಿಂಡಿನ ಹಿಂದೆ ಆಂಬ್ರೋಸ್ ಕೋಟ್ಸ್ ಕೋಲೂರಿಕೊಂಡು, ನಾಯಿಗೆ ಏನೋ ಹೇಳುತ್ತ, ಈ ಲೋಕದಲ್ಲಿ ಅವಸರ ಎಂಬುದೊಂದಿದೆ ಎಂದೇ ತಿಳಿಯದವನಂತೆ ನಡೆಯುತ್ತಿದ್ದ.

ಜಿಲಿಯನ್ ಇಳಿದು ಓಡಿದಳು. ಆಂಬ್ರೋಸ್ ತಿರುಗಿ ನೋಡಿ ಬಾಯಗಲಿಸಿ ನಕ್ಕ.

"ಓಹೋ, ಹೆಲ್ಮೆಟ್ ಮೇಡಮ್ಮು! ಏನು, ನನ್ನ ಕುರಿಗಳಿಗೂ ಹಳದಿ ಜಾಕೆಟ್ ಹಾಕ್ಸೋಕೆ ಬಂದ್ರಾ?"

"ಆಂಬ್ರೋಸ್, ದಾರಿ ಬಿಡಿಸು. ಬೇಗ."

"ಮರಿಗಳಿವೆ ಮೇಡಮ್. ಅವಸರ ಮಾಡಿದ್ರೆ ತಾಯಿ ಒಂದು ಕಡೆ ಮರಿ ಒಂದು ಕಡೆ. ಮರಿ ಹಾಲು ಕುಡಿದ ಜಾಗಕ್ಕೇ ವಾಪಸ್ ಓಡುತ್ತೆ. ಆಮೇಲೆ ಸಂಜೆವರೆಗೂ ನೀವೂ ನಾನೂ ಇಲ್ಲೇ. ಒಂದು ಹಾಡು ಹೇಳ್ತೀರೇನು?"

"ಟೆರಿ ಪೀಕಾಕ್ ಹೈ ಥ್ವೇಟ್ ಮಾಡಿನ ಮೇಲಿದಾನೆ. ಅದರಲ್ಲಿ ಪ್ಲಾಸ್ಟಿಕ್ ತಗಡಿದೆ, ಡಾಂಬರಿನ ಕೆಳಗೆ. ಅವನಿಗೆ ಗೊತ್ತಿಲ್ಲ. ಇಲ್ಲ ಅಂತ ಹೇಳಿದವಳು ನಾನೇ."

ಆಂಬ್ರೋಸನ ನಗು ಅಳಿಸಿದಂತೆ ಹೋಯಿತು. ಅವನು ಹಿಂಡನ್ನು ನೋಡಿದ, ಕಾರನ್ನು ನೋಡಿದ, ಆಮೇಲೆ ಎಡಗಡೆಯ ಗೇಟನ್ನು ನೋಡಿದ. ಗೇಟಿನಾಚೆ ಅವನ ಹುಲ್ಲುಗಾವಲು. ಕೊಯ್ಲಿಗೆಂದು ಬಿಟ್ಟ ಹುಲ್ಲುಗಾವಲಿಗೆ ಮೇ ತಿಂಗಳಲ್ಲಿ ಮಾಲೀಕನ ಮಕ್ಕಳೂ ಕಾಲಿಡುವುದಿಲ್ಲ. ತುಳಿದ ಹುಲ್ಲು ಮಲಗಿಬಿಡುತ್ತದೆ, ಕೊಯ್ಯಲು ಬರುವುದಿಲ್ಲ. ಚಳಿಗಾಲದ ಮೇವು ಅಷ್ಟು ಕಡಿಮೆಯಾಗುತ್ತದೆ. ಕಳೆದ ವರ್ಷ ಚಾರಣಕ್ಕೆ ಬಂದವರು ಅಡ್ಡದಾರಿ ಹಿಡಿದರೆಂದು ಆಂಬ್ರೋಸ್ ಕೂಗಿದ ಕೂಗು ಪೇಟೆಯವರೆಗೂ ಕೇಳಿತ್ತೆಂದು ಜನ ಆಡಿಕೊಳ್ಳುತ್ತಿದ್ದರು.

ಅವನು ಗೇಟಿನ ಸರಪಳಿ ಬಿಚ್ಚಿ ಅಗಲ ತೆಗೆದ.

"ಗೋಡೆ ಪಕ್ಕ ಹೋಗ್ಬೇಡಿ, ಅಲ್ಲಿ ಜೌಗು. ನಟ್ಟನಡುವೆ ಹೊಡ್ಕೊಂಡು ಹೋಗಿ. ಆ ತುದಿಯ ಗೇಟು ಒಳಮುಖಕ್ಕೆ ತೆಗೀಬೇಕು."

"ಆಂಬ್ರೋಸ್, ನಿನ್ನ ಹುಲ್ಲು—"

"ಹೋಗಮ್ಮಾ! ಮಾತಾಡ್ತಾ ನಿಲ್ಬೇಡ!"

ಮೊಣಕಾಲೆತ್ತರದ ಹುಲ್ಲಿನ ಮೇಲೆ ಕಾರು ಜಾರುತ್ತ, ಕುಲುಕುತ್ತ ಸಾಗಿತು. ಎನಿಡ್ ತಿರುಗಿ ಹಿಂದೆ ನೋಡಿ, "ಅಯ್ಯೋ ದೇವರೇ," ಎಂದಳು. ಟೆರಿಯನ್ನು ನೆನೆದೋ, ಹುಲ್ಲನ್ನು ನೋಡಿಯೋ ಅವಳಿಗೇ ಗೊತ್ತಿದ್ದಂತಿರಲಿಲ್ಲ.

ಹೈ ಥ್ವೇಟ್‌ನ ಅಂಗಳದಲ್ಲಿ ಕಾರಿನ ಬಾಗಿಲು ತೆರೆಯುವ ಮುಂಚೆಯೇ ಡ್ರಿಲ್ಲಿನ ಸದ್ದು ಕೇಳಿಸಿತು. ಡ್ರಿಲ್ ಓಡುತ್ತಿದೆ, ಅಂದರೆ ಬದುಕಿದ್ದಾನೆ. ಟೆರಿ ಮಾಡಿನ ಆಚೆ ಇಳಿಜಾರಿನಲ್ಲಿದ್ದ. ಕಾಣುತ್ತಿದ್ದುದು ಅವನ ಟೋಪಿ ಮಾತ್ರ. ಕೆಳಗೆ ಟ್ರಾಕ್ಟರಿನಡಿ ಮಲಗಿದ್ದ ಕ್ಲಿಫರ್ಡ್ ಎದ್ದು ಬಂದು ಹೆಂಡತಿಯ ಬಾಯಿಂದ ಎರಡು ಮಾತು ಕೇಳಿದವನೇ ಬಾಯಿಗೆ ಕೈ ಅಡ್ಡ ಹಿಡಿದು ಕೂಗಲು ಹೊರಟ. ಜಿಲಿಯನ್ ಅವನ ತೋಳು ಹಿಡಿದೆಳೆದಳು.

"ಬೇಡ! ಕೂಗಿದ್ರೆ ಏನು ಅಂತ ಕೇಳೋಕೆ ಅವನು ಈ ಕಡೆ ನಡ್ಕೊಂಡು ಬರ್ತಾನೆ."

"ಟ್ರಾಕ್ಟರಿನ ಲೋಡರ್ ತರ್ತೀನಿ, ಅದರ ಬಕೆಟ್ಟಲ್ಲಿ ನಿಂತ್ಕೊಂಡು ಮೇಲೇರಿ—"

"ಅದೂ ಬೇಡ. ಅದರಿಂದ ಇನ್ನೊಬ್ಬ ಬೀಳ್ತಾನೆ. ಏಣಿ ಹತ್ತಿರ ನಿಲ್ಲು, ಅಷ್ಟು ಸಾಕು."

ಅವಳು ಕೊಟ್ಟಿಗೆಯೊಳಕ್ಕೆ ಓಡಿದಳು.

ಎನಿಡ್ ಹೇಳಿದಂತೆಯೇ ಇತ್ತು. ಕತ್ತಲ ಮಾಡಿನಲ್ಲಿ ನೆತ್ತಿಯಿಂದ ಸೂರಿನವರೆಗೆ ಉದ್ದುದ್ದ ಕಂದು ಪಟ್ಟೆಗಳು. ಮೇಲಿನಿಂದ ಯಾರಿಗೂ ಕಾಣದ್ದು ಕೆಳಗಿನಿಂದ ಗೆರೆ ಎಳೆದಂತೆ ಕಾಣುತ್ತಿತ್ತು. ಒಂದು ಪಟ್ಟೆಯ ಅಂಚಿನಲ್ಲಿ ನೆರಳೊಂದು ಬಾಗಿ ಅಲುಗಾಡುತ್ತಿತ್ತು. ಮಂಡಿ ಕಬ್ಬಿಣದ ಮೇಲಿರಬೇಕು. ಆದರೆ ಬೂಟಿನ ತುದಿ, ಅದರ ಪಕ್ಕ ಚೌಕನೆಯ ಇನ್ನೊಂದು ನೆರಳು, ಎರಡೂ ಪಟ್ಟೆಯ ಮೇಲಿದ್ದವು.

ಡ್ರಿಲ್ ನಿಲ್ಲುವವರೆಗೆ ಅವಳು ಕಾದಳು. ಕಾಯುವುದಕ್ಕಿಂತ ಹೆಚ್ಚು ಕಷ್ಟದ ಕೆಲಸ ಅವಳು ಆವರೆಗೆ ಮಾಡಿರಲಿಲ್ಲ. ಡ್ರಿಲ್ ನಿಂತಾಗ, ಸಂತೆಯಲ್ಲಿ ಎದುರಾದವನನ್ನು ಮಾತಾಡಿಸುವ ದನಿ ತಂದುಕೊಂಡು, "ಟೆರಿ, ನಾನು ಜಿಲ್. ಅಲ್ಲಾಡ್ಬೇಡ," ಎಂದಳು.

"ಜಿಲ್? ಎಲ್ಲಿದೀಯಾ?"

"ನಿನ್ನ ಕಾಲಿನ ಕೆಳಗೆ."

"ಅಲ್ಲೇನ್ ಮಾಡ್ತಿದೀಯಾ ಮಾರಾಯ್ತಿ?"

"ಟೆರಿ, ನಿನ್ನ ಎಡಗಡೆ ಇರೋದು ಪ್ಲಾಸ್ಟಿಕ್. ಮೇಲೆ ಡಾಂಬರು ಬಳಿದಿದಾರೆ. ನಿನ್ನ ಎಡಗಾಲು ಅದರ ಮೇಲಿದೆ. ಮೆತ್ತಗೆ ಬಲಕ್ಕೆ ಎಳ್ಕೋ."

ನೆರಳಿನ ತುದಿ ಇಷ್ಟಿಷ್ಟೇ ಸರಿಯಿತು. ಸರಿಯುವಾಗ ಎಲ್ಲೋ ತಾಗಿರಬೇಕು, ಚೌಕನೆಯ ನೆರಳು ವಾಲಿತು. ಚಟ್ ಎಂದು ಸದ್ದಾಯಿತು. ಸಲಕರಣೆಯ ಪೆಟ್ಟಿಗೆ ಪಟ್ಟೆಯನ್ನು ಸೀಳಿಕೊಂಡು ಬಂದು ಅವಳಿಂದ ಮಾರು ದೂರದಲ್ಲಿ ಕಲ್ಲಿಗೆ ಬಡಿದು ಒಡೆಯಿತು. ಬೋಲ್ಟುಗಳು ನೆಲದ ತುಂಬ ಉರುಳಿದವು. ಮೇಲಿನ ತೂತಿನಿಂದ ಬಿಳಿಯ ಬಿಸಿಲು ಕೋಲಿನಂತೆ ನೇರ ಕೆಳಗಿಳಿಯಿತು.

"ಟೆರಿ?"

ಬಿಸಿಲಿನ ಕೋಲಿನಲ್ಲಿ ಧೂಳು ಸುತ್ತುತ್ತಿತ್ತು.

"ಟೆರಿ!"

"ಇದೀನಿ," ಎಂದಿತು ಬೇರೆ ಯಾರದೋ ಎಂಬಂಥ ದನಿ. "ಯಾವ ಕಡೆ ಹೋಗ್ಲಿ? ನಂಗಿಲ್ಲಿ ಎಲ್ಲಾ ಒಂದೇ ಥರ ಕಾಣುತ್ತೆ."

"ನಂಗೆ ಕಾಣುತ್ತೆ. ಮಲಕ್ಕೋ, ಹೊಟ್ಟೆ ಮೇಲೆ. ಹಾಂ. ಈಗ ನೆತ್ತಿ ಕಡೆ ನೇರ ತೆವಳು. ಬಲಕ್ಕೆ ಜಾಸ್ತಿ ಹೋಗ್ಬೇಡ, ಅಲ್ಲಿ ಇನ್ನೊಂದಿದೆ. ಇನ್ನೂ ಸ್ವಲ್ಪ. ಅಲ್ಲೇ ನಿಲ್ಲು. ಕೈ ಹಿಂದಕ್ಕೆ ತಗೋ!"

ಮೇಲೆ ಅವನು ತೆವಳಿದಂತೆ ಕೆಳಗೆ ಅವಳು ಕತ್ತೆತ್ತಿಕೊಂಡೇ ಹೆಜ್ಜೆಯಿಟ್ಟಳು. ಪೆಟ್ಟಿಗೆಯ ಚೂರು ಎಡವಿದ್ದೂ ಗೊತ್ತಾಗಲಿಲ್ಲ. ನೆತ್ತಿ ದಾಟಿಸಿ, ಈಚೆಯ ಇಳಿಜಾರಿನಲ್ಲಿ ಎರಡು ಪಟ್ಟೆಗಳ ನಡುವೆ ಇಳಿಸಿ, ಕ್ಲಿಫರ್ಡ್ "ಸಿಕ್ಕಿದ, ಹಿಡ್ಕೊಂಡೆ!" ಎಂದು ಹೊರಗಿನಿಂದ ಕೂಗಿದ ಮೇಲೆ ಅವಳು ಎತ್ತಿದ ಕತ್ತು ಇಳಿಸಿದಳು.

ಎನಿಡ್‌ಳ ಅಡುಗೆಮನೆಯಲ್ಲಿ ಟೆರಿ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಮುಖಕ್ಕೆ ಬಣ್ಣ ಮರಳಿದ ಹಾಗೆ ಸಿಟ್ಟೂ ಬಂತು.

"ಬೆಳಕಿಂಡಿ ಇಲ್ಲ ಅಂತ ಬರ್ದಿದ್ಯಲ್ಲೇ! ನಂಗೆ ಮೂರು ಮಕ್ಕಳಿದಾವೆ, ಗೊತ್ತಾ? ಬೆಳಿಗ್ಗೆಯಿಂದ ಆ ಮಾಡಿನ ಮೇಲೆ ಶಿಳ್ಳೆ ಹೊಡ್ಕೊಂಡು ಓಡಾಡಿದೀನಿ. ಶಿಳ್ಳೆ!"

"ನನ್ನದೇ ತಪ್ಪು. ಒಳಗಿನಿಂದ ನೋಡೋಕಾಗ್ಲಿಲ್ಲ ಅಂತ ಬರೀಬೇಕಿತ್ತು. ಇಲ್ಲ ಅಂತ ಬರ್ದೆ."

"ಹುಲ್ಲು ತುಂಬಿದ್ರೆ ಯಾರು ತಾನೇ ಏನು ನೋಡ್ತಾರೆ," ಎಂದ ಕ್ಲಿಫರ್ಡ್, ಬಾಗಿಲಲ್ಲಿ ಬೂಟು ಬಿಚ್ಚುತ್ತ. ಅವಳ ಪರ ವಹಿಸಲೆಂದೇ ಆಡಿದ ಮಾತು. "ಆ ತಿಂಗಳಲ್ಲಿ ಎಲ್ಲಾರ ಕೊಟ್ಟಿಗೇನೂ ಹಂಗೇ ಅಲ್ವಾ?"

ಜಿಲಿಯನ್ ಅವನನ್ನೇ ನೋಡಿದಳು. ಎಲ್ಲರ ಕೊಟ್ಟಿಗೆಯೂ. ಎಸ್ಟೇಟಿನ ಕೊಟ್ಟಿಗೆಗಳನ್ನೆಲ್ಲ ಅವಳು ನೋಡಿ ಮುಗಿಸಿದ್ದು ಆ ಒಂದೇ ಶರತ್ಕಾಲದಲ್ಲಿ. ಒಂದೊಂದು ಬಾಗಿಲ ಹಿಂದೆಯೂ ಹುಲ್ಲಿನ ಗೋಡೆ, ಒಂದೊಂದು ಮಾಡೂ ಕಪ್ಪು, ಒಂದೊಂದಕ್ಕೂ ಅವಳ ಅದೇ ಮಾತು. ಈ ವಾರ ಹವೆ ಒಣಗಿದೆ, ಉಳಿದ ಮಾಡುಗಳ ಕೆಲಸ ಮುಗಿಸಿಕೊಳ್ಳಿ ಎಂದು ಕಚೇರಿಯಿಂದ ಹೇಳಿಕಳಿಸಿದ್ದೂ ಅವಳೇ.

ಅವಳು ಎದ್ದು ಗೋಡೆಯ ಫೋನು ತೆಗೆದುಕೊಂಡಳು. ಕಚೇರಿಗೆ ಎರಡೇ ಮಾತು: ಯಾರನ್ನೂ ಮಾಡು ಹತ್ತಿಸಬೇಡಿ, ಹತ್ತಿದವರನ್ನು ಇದ್ದಲ್ಲೇ ನಿಲ್ಲಿಸಿ. ಆಮೇಲೆ ಒಂದೊಂದೇ ಹೊಲಮನೆ. ಲೋ ಇಂಗ್ಸ್‌ನವರು ಎತ್ತಿದರು. ಅಲ್ಲಿ ಯಾರೂ ಬಂದಿರಲಿಲ್ಲ. ಗಿಲ್ ಹೆಡ್‌ನಲ್ಲಿ ಕೆಲಸದವರು ಊಟಕ್ಕೆ ಇಳಿದಿದ್ದರು. ಮನೆಯಾಕೆ ಅವರನ್ನು ಮತ್ತೆ ಏಣಿಯ ಹತ್ತಿರಕ್ಕೂ ಬಿಡುವುದಿಲ್ಲ ಎಂದಳು. ಗುಡ್ಡದಾಚೆಯ ರೇವನ್ ಸೀಟ್‌ನಲ್ಲಿ ಗಂಟೆ ಬಾರಿಸುತ್ತಲೇ ಇತ್ತು. ಇಟ್ಟು ಮತ್ತೆ ಮಾಡಿದಳು. ಮತ್ತೂ ಬಾರಿಸಿತು.

"ಅಲ್ಲಿಗೆ ಯಾರು ಹೋಗಿರೋದು?" ಎಂದ ಟೆರಿ.

"ರಿಚ್‌ಮಂಡ್ ಕಡೆಯವರು. ಹೊಸಬರು. ಇಬ್ಬರು."

ಟೆರಿ ಲೋಟ ಕೆಳಗಿಟ್ಟ. ಅವನ ಮುಖದಲ್ಲಿ ಸಿಟ್ಟು ಹಾಗೆಯೇ ಇತ್ತು.

"ನನ್ನ ಗಾಡಿ ಗುಡ್ಡದ ದಾರೀಲಿ ಹೋಗುತ್ತೆ, ನಿನ್ನ ಕಾರು ಹೋಗಲ್ಲ. ಕೂತ್ಕೋ. ಆದ್ರೆ ದಾರೀಲಿ ನನ್ಹತ್ರ ಮಾತಾಡ್ಬೇಡ."

"ಆಡಲ್ಲ," ಎಂದು ಜಿಲಿಯನ್ ಎನಿಡ್ ಕಡೆ ತಿರುಗಿದಳು.

"ಎನಿಡ್, ನೀವು ಫೋನ್ ಮಾಡ್ತಾನೇ ಇರಿ. ಎತ್ತೋವರೆಗೂ."

ಎನಿಡ್ ಆಗಲೇ ಫೋನಿನ ಮುಂದೆ ನಿಂತಿದ್ದಳು. ಕೋಟು ಸಹ ಬಿಚ್ಚಿರಲಿಲ್ಲ. ಹೊರಗೆ ಗಾಡಿ ಅಂಗಳ ದಾಟಿ ಗುಡ್ಡದ ಕಡೆ ಏರತೊಡಗಿತು. ಜಿಲಿಯನ್ ಮುಂದಿನ ಗಾಜಿಗೆ ಹಣೆ ತಾಗುವಷ್ಟು ಬಾಗಿ ಕೂತಿದ್ದಳು. ಗುಡ್ಡದ ನೆತ್ತಿ ಇನ್ನೂ ದೂರವಿತ್ತು. ಅದರಾಚೆಯ ಮಾಡು ಕಾಣುವುದು ಅಲ್ಲಿಗೆ ಹೋದ ಮೇಲೆಯೇ.