ಗೋಡೆಗೂ ಒಂದು ಅಳತೆ ಚೀಟಿ

ದರ್ಜಿಯ ಅಂಗಡಿಯಲ್ಲಿ ಹಾಡುಹಗಲಲ್ಲೂ ದೀಪ ಬೇಕು. ಹಿಂದಿನ ಗೋಡೆಗೆ ಕಿಟಕಿಯೇ ಇಲ್ಲ. ಆ ಗೋಡೆಗೆ ಒರಗಿ ಗುಂಡಿ, ಕಾಜಾ ಹೊಲಿಯುವುದು ಅವನ ಹೆಂಡತಿ. ಆರು ತಿಂಗಳಿಂದ ಅವಳಿಗೆ ಸೂಜಿಗೆ ದಾರ ಪೋಣಿಸುವುದೇ ದೊಡ್ಡ ಕೆಲಸವಾಗಿತ್ತು. ಕಪ್ಪು ಬಟ್ಟೆ ಬಂದರಂತೂ ಕಣ್ಣಲ್ಲಿ ನೀರು. ನೋಡಿ ನೋಡಿ ದರ್ಜಿಗೆ ಸಂಕಟವಾಗಿ, ಕಿಟಕಿ ಇಡಿಸಿಯೇ ಬಿಡೋಣ ಎಂದು ಗಾರೆ ಕೆಲಸದವನಿಗೆ ಹೇಳಿಬಂದ. ನಾಳೆಯೇ ಬರುತ್ತೇನೆ ಎಂದ ಅವನು.

ಹೆಂಡತಿಯ ತಂಗಿ ಬಾಡಿಗೆ ಕರಾರು ಬರೆಯುವ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಅಂಗಡಿಗೆ ಬಂದವಳು ಕಿಟಕಿಗೆಂದು ಗೋಡೆಯ ಮೇಲೆ ಗುರುತು ಹಾಕಿದ್ದ ಸೀಮೆಸುಣ್ಣದ ಚೌಕ ನೋಡಿ, ಮಾಲೀಕರು ಒಪ್ಪಿದ್ದಾರಾ ಎಂದು ಕೇಳಿದಳು.

"ಮೆಟ್ಟಿಲ ಹತ್ರ ಸಿಕ್ಕಾಗ ಹೇಳ್ದೆ. ಹೂಂ ಅಂತ ತಲೆ ಆಡಿಸಿದ್ರು," ಎಂದ ದರ್ಜಿ.

"ನಾಳೆ ಇಲ್ಲ ಅಂದ್ರೆ ಏನು ತೋರಿಸ್ತೀರಿ, ಭಾವ?"

ಹನ್ನೊಂದು ವರ್ಷದ ನಂಟು, ಚೀಟಿ ಕೇಳಿದರೆ ಅನುಮಾನಪಟ್ಟ ಹಾಗಾಗುತ್ತೆ ಎಂದು ಅವನು ಮುಖ ಗಂಟಿಕ್ಕಿದ. ಅವಳು ವಾದಕ್ಕಿಳಿಯದೆ ಪೆಟ್ಟಿಗೆಯಿಂದ ಕರಾರು ತೆಗೆಸಿ ಓದಿದಳು. ಗೋಡೆ ಬದಲಿಸಲು ಮಾಲೀಕರ ಲಿಖಿತ ಒಪ್ಪಿಗೆ ಬೇಕು, ಇಲ್ಲದೆ ಕೈ ಹಾಕಿದರೆ ಅಂಗಡಿ ಬಿಡಿಸಬಹುದು ಎಂದಿತ್ತು. ಸಹಿ ಹಾಕಿದವನು ಅವನೇ. ಓದಿರಲಿಲ್ಲ, ಅಷ್ಟೆ.

ಆಗ ಹೆಂಡತಿ ತಲೆ ಎತ್ತಿದಳು. "ಅಳತೆ ಚೀಟಿಗೆ ಗಿರಾಕಿ ಸಹಿ ಬೀಳೋ ತನಕ ನೀವು ಬಟ್ಟೆಗೆ ಕತ್ತರಿ ಇಡಲ್ಲ. ಸ್ವಂತ ತಮ್ಮನ ಹತ್ರಾನೂ ಸಹಿ ಹಾಕಿಸ್ಕೊಂಡ್ರಿ. ಅದು ಅನುಮಾನಾನಾ?"

ದರ್ಜಿ ಕರಾರನ್ನು ಕೈಗೆ ತೆಗೆದುಕೊಂಡು ಆ ಸಾಲನ್ನು ತಾನೇ ಓದಿದ.

ಗಾರೆ ಕೆಲಸದವನಿಗೆ ತಡೆಯಲು ಹೇಳಿ ಕಳಿಸಿದರು. ಕಿಟಕಿ ಎಲ್ಲಿ, ಎಷ್ಟು ಅಗಲ, ಖರ್ಚು ಯಾರದು, ಅಂಗಡಿ ಬಿಡುವಾಗ ಗೋಡೆ ಏನಾಗಬೇಕು ಎಂದೆಲ್ಲ ಬರೆದು, ಚಿತ್ರ ಹಾಕಿ, ಎರಡು ಪ್ರತಿ ಮಾಡಿ ಮಾಲೀಕರಿಗೆ ಕೊಟ್ಟರು. ಅವರು ಚಿತ್ರ ನೋಡಿದವರೇ ಎದ್ದು ಅಂಗಡಿಗೆ ಬಂದರು.

"ಅವತ್ತು ನೀವು ಮುಂದಿನ ಗೋಡೆ ಬಗ್ಗೆ ಹೇಳ್ತಿದ್ದೀರಿ ಅಂದ್ಕೊಂಡೆ. ಇಲ್ಲಿ ಗೋಡೆ ಒಳಗಡೆ ಮಹಡಿಯ ನೀರಿನ ಪೈಪ್ ಇದೆ. ಒಡೆದಿದ್ರೆ ನಿಮ್ಮ ಬಟ್ಟೆಯೆಲ್ಲ ನೀರುಪಾಲು."

ಚೌಕವನ್ನು ಮೂರು ಗೇಣು ಬಲಕ್ಕೆ ಸರಿಸಿ, ಎರಡೂ ಪ್ರತಿಗೆ ಸಹಿ ಹಾಕಿದರು.

ಕಿಟಕಿ ಬಂದ ದಿನ ಹೆಂಡತಿ ಕಪ್ಪು ದಾರವನ್ನು ಒಂದೇ ಸಲಕ್ಕೆ ಪೋಣಿಸಿದಳು. ದರ್ಜಿ ಬಟ್ಟೆ ಮಡಿಸುವ ನೆಪದಲ್ಲಿ ಆಚೆ ತಿರುಗಿ ಕಣ್ಣೊರೆಸಿಕೊಂಡ.

ಬಾಡಿಗೆ ಅಂಗಡಿ ನಡೆಸುವವರೇ, ನಿಮ್ಮ ಕರಾರನ್ನು ಇವತ್ತೇ ತೆಗೆದು ಓದಿ. ಗೋಡೆ ಒಡೆಯುವುದಿರಲಿ, ಬೋರ್ಡು ಹಾಕುವುದಿರಲಿ, ಇನ್ನೊಬ್ಬರಿಗೆ ಜಾಗ ಬಿಟ್ಟುಕೊಡುವುದಿರಲಿ, ಮೊದಲು ಬರೆದು ಕೇಳಿ. ಬರಹದಲ್ಲಿ ಒಪ್ಪಿಗೆ ಸಿಗುವ ತನಕ ಸುತ್ತಿಗೆ ಎತ್ತಬೇಡಿ. ಮಾಲೀಕರೇ, ನೀವೂ ಆ ಪತ್ರವನ್ನು ಮೂಲೆಗೆ ಹಾಕಬೇಡಿ. ಹೌದೋ ಅಲ್ಲವೋ, ಕಾರಣ ಸಮೇತ ಬೇಗ ಬರೆದುಕೊಡಿ. ನಿಮ್ಮ ಗೋಡೆಯ ಪಕ್ಕದಲ್ಲಿ ಯಾರೋ ಬೆಳಕಿಗಾಗಿ ಕಾಯುತ್ತಿರಬಹುದು.