ಪೆಟ್ಟಿಗೆಯಲ್ಲಿಲ್ಲದ ಹೆಸರು

ಸ್ಲೇಟು ಒರೆಸುವ ನೀರುಕಡ್ಡಿಯ ಹಸಿ ವಾಸನೆ ನೆನಪಾದಾಗಲೆಲ್ಲ ಲಕ್ಷ್ಮೀ ಮೇಡಂಗೆ ದೊಡ್ಮನೆ ಶಾಲೆಯ ಎರಡನೇ ಇಯತ್ತೆ ಕಣ್ಣಮುಂದೆ ಬರುತ್ತಿತ್ತು. ಪಕ್ಕದಲ್ಲಿ ಕೂತವಳು ಅವರ ಲೆಕ್ಕಗಳನ್ನೆಲ್ಲ ತನ್ನ ಸ್ಲೇಟಿಗೆ ಇಳಿಸಿಕೊಂಡು, ನೀರುಕಡ್ಡಿ ಹಿಂಡಿ ಅವರ ಸ್ಲೇಟನ್ನು ಒರೆಸಿಬಿಟ್ಟಿದ್ದಳು. ಲೆಕ್ಕ ಮಾಡಿದವಳಿಗೆ ಬೆತ್ತದ ಪೆಟ್ಟು, ಕದ್ದವಳಿಗೆ ಶಾಬಾಸು. ಆ ಪೆಟ್ಟಿನ ಉರಿ ಐವತ್ತು ದಾಟಿದರೂ ಆರಿರಲಿಲ್ಲ.

ಶಿರಸಿಯ ಕಾಲೇಜಿನಲ್ಲಿ ಕನ್ನಡ ಕಲಿಸಲು ಸೇರಿದ ವರ್ಷವೇ ಅವರು ಒಂದು ತಗಡಿನ ಪೆಟ್ಟಿಗೆ ಇಟ್ಟರು. ಬಿ.ಎ. ಕೊನೆಯ ವರ್ಷದವರು ಸುತ್ತಿನ ಹಳ್ಳಿಗಳ ಬಗ್ಗೆ ಬರೆದು ಕೊಡುವ ಕಿರುಪ್ರಬಂಧಗಳನ್ನು ಓದುತ್ತ, ಒಂದೊಂದರಿಂದ ಬೇರೆಲ್ಲೂ ಸಿಗದಂಥ ನಾಲ್ಕು ವಾಕ್ಯ ಆರಿಸಿ ಚೀಟಿಯಲ್ಲಿ ಬರೆದಿಡುವರು. ಹೊಸದು ಬಂದಾಗ ಅದೇ ವಿಷಯದ ಹಳೆಯ ಚೀಟಿಗಳನ್ನು ತೆಗೆದು ಹೋಲಿಸುವರು. ಹುಡುಗರು ಅದನ್ನು ಚಿತ್ರಗುಪ್ತನ ಪೆಟ್ಟಿಗೆ ಎನ್ನುತ್ತಿದ್ದರು. ಅಣ್ಣನ ಪ್ರಬಂಧಕ್ಕೆ ರಟ್ಟು ಬದಲಿಸಿ ತಂದವರು, ಯಲ್ಲಾಪುರದ ಗೆಳೆಯನದನ್ನು ಇಳಿಸಿಕೊಂಡವರು, ಎಲ್ಲರೂ ಅಲ್ಲಿ ಸಿಕ್ಕಿಬಿದ್ದಿದ್ದರು.

ಅವರದು ಇನ್ನೊಂದು ನಿಯಮವಿತ್ತು. ಮಾಹಿತಿ ಕೊಟ್ಟವರ ಪಟ್ಟಿಯಲ್ಲಿ ಸ್ವಂತ ಮನೆಯವರ ಹೆಸರು ಹಾಕಬಾರದು. ಹಾಕಲು ಬಿಟ್ಟರೆ ಎಲ್ಲರೂ ಮನೆಯಲ್ಲೇ ಕೂತು ಬರೆದು ಅಜ್ಜಿಯ ಹೆಸರು ಹೇಳುತ್ತಿದ್ದರು. ಒಬ್ಬನ ಅಜ್ಜಿಯಂತೂ ಸತ್ತು ಹತ್ತು ವರ್ಷದ ಮೇಲೆ ಮಾಹಿತಿ ಕೊಟ್ಟಿದ್ದಳು.

೨೦೦೪ರಲ್ಲಿ ಆ ಪೆಟ್ಟಿಗೆಗೆ ಸೌಮ್ಯ ಸಿಕ್ಕಿದಳು. ಬನವಾಸಿಯಿಂದಾಚೆಯ ಹಳ್ಳಿಯವಳು, ಊರಿಗೆ ಬಸ್ಸು ಸರಿಯಾಗಿಲ್ಲದೆ ಹಾಸ್ಟೆಲಿನಲ್ಲಿದ್ದು ಓದುವವಳು. ಬೀಜದ ಭತ್ತ ಕಾಯ್ದಿಡುವ ಬಗೆ ಅವಳ ವಿಷಯ. ಹನ್ನೊಂದನೇ ಪುಟದಲ್ಲಿ ಹೀಗಿತ್ತು: 'ಬೀಜದ ಭತ್ತವನ್ನು ಹುಲ್ಲಿನ ಮೂಡೆಯಲ್ಲಿ ಬಿಗಿಯುವ ದಿನ ಮನೆಯಲ್ಲಿ ಯಾರೂ ಅಳಬಾರದು. ಅತ್ತರೆ ಮೂಡೆ ಬಿಚ್ಚಿ ಮತ್ತೆ ಮೂರು ಬಿಸಿಲು ಒಣಗಿಸಬೇಕು.' ಮೇಡಂ ಚೀಟಿ ತೆಗೆದರು. ೧೯೯೫, ನಮಿತಾ ಹೆಗಡೆ. ಅದೇ ವಾಕ್ಯ. ಚೀಟಿಯಲ್ಲಿದ್ದ ಉಳಿದ ವಾಕ್ಯಗಳೂ ಅಕ್ಷರಕ್ಕಕ್ಷರ ಕೂಡಿದವು.

"ಆ ಪ್ರಬಂಧ ನಾನು ಕಣ್ಣಿಂದ ನೋಡಿಲ್ಲ ಮೇಡಂ. ನಮ್ಮವ್ವ ಹೇಳಿದ್ದನ್ನ ಹಂಗ ಬರ್ದೀನಿ."

"ಮತ್ತೆ ಪಟ್ಟಿಯಲ್ಲಿ ಅವ್ವನ ಹೆಸರು ಯಾಕಿಲ್ಲ?"

"ನೀವೇ ಹೇಳಿದ್ರಲ್ರಿ, ಮನೆಯವ್ರ ಹೆಸರು ಹಾಕಬಾರದು ಅಂತ."

ಎದುರುತ್ತರ ಎನಿಸಿತು ಮೇಡಂಗೆ. ಪ್ರಬಂಧ ಕದ್ದದ್ದೆಂದು ಅಂದೇ ಪ್ರಾಚಾರ್ಯರಿಗೆ ಬರೆದುಕೊಟ್ಟರು. ಪ್ರಬಂಧ ತಿರಸ್ಕೃತವಾದರೆ ಆ ವರ್ಷದ ಪರೀಕ್ಷೆಗೆ ಕೂರುವಂತಿಲ್ಲ. ವರ್ಷ ಹೋದವರಿಗೆ ಹಾಸ್ಟೆಲಿನಲ್ಲಿ ಜಾಗವಿಲ್ಲ. ಇದೆಲ್ಲ ಮೇಡಂಗೆ ಗೊತ್ತಿತ್ತು.

ಮರುದಿನ ಸೌಮ್ಯಳ ತಾಯಿ ಚೌಡಮ್ಮ ಬಂದಳು. ತರಗತಿ ಮುಗಿಯುವವರೆಗೆ ಜಗುಲಿಯ ಕಂಬ ಹಿಡಿದು ನಿಂತಿದ್ದಳು. ಜವಾನ ಗೋವಿಂದ ತಾನು ಕೂರುವ ಸ್ಟೂಲನ್ನೇ ಅವಳ ಹತ್ತಿರ ಸರಿಸಿದ್ದ. ಅವಳು ಕೂತಿರಲಿಲ್ಲ.

"ಅಕ್ಕೋರೆ, ಆ ಮಾತು ನಂದೈತ್ರಿ. ನನ್ನ ಮಗಳು ಕದ್ದಿಲ್ರಿ."

"ಎಲ್ಲ ತಾಯಂದಿರೂ ಹೀಗೇ ಹೇಳುತ್ತಾರೆ," ಎಂದು ಮೇಡಂ ಮುಂದಿನ ತರಗತಿಗೆ ನಡೆದರು.

ಎಂಟು ದಿನ ಕಳೆದ ಮೇಲೆ, ಫೈಲಿಗೆ ಸೇರಿಸಲು ನಮಿತಾಳ ಪ್ರಬಂಧವನ್ನು ಗ್ರಂಥಾಲಯದಿಂದ ತರಿಸಿದರು. ಮೊದಲ ಪುಟದಲ್ಲಿ ಅವರದೇ ಅಕ್ಷರ: 'ಅತ್ಯುತ್ತಮ. ಸ್ವಂತ ದುಡಿಮೆ.' ಹುಡುಗಿ ಸಿದ್ದಾಪುರದ ಕಡೆಯ ತೋಟದ ಮನೆಯವಳು, ಅಚ್ಚುಕಟ್ಟಾಗಿ ಬರೆಯುವವಳು. ಮಾಹಿತಿ ಕೊಟ್ಟವರ ಪಟ್ಟಿಯಲ್ಲಿ ಬನವಾಸಿ ಕಡೆಯ ಪಟೇಲರು, ಮಾಸ್ತರರು, ಸೊಸೈಟಿಯ ಕಾರ್ಯದರ್ಶಿ. ಕೊನೆಯ ಪುಟದಲ್ಲೊಂದು ಫೋಟೋ. ಅಂಗಳದಲ್ಲಿ ಮೊಣಕಾಲೂರಿ ಮೂಡೆಗೆ ಹಗ್ಗ ಬಿಗಿಯುತ್ತಿರುವ ಹೆಂಗಸು, ಅವಳ ಸೆರಗು ಹಿಡಿದು ನಿಂತ ಹತ್ತು ಹನ್ನೊಂದರ ಹುಡುಗಿ. ಕೆಳಗೆ 'ರೈತ ಮಹಿಳೆ' ಎಂದಷ್ಟೇ ಇತ್ತು.

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಂಬ ಹಿಡಿದು ನಿಂತಿದ್ದ ಚೌಡಮ್ಮನೇ. ಒಂಬತ್ತು ವರ್ಷ ಚಿಕ್ಕವಳು, ಅಷ್ಟೆ.

ಅವರು ಪ್ರಾಚಾರ್ಯ ಕಮಲಾಕರ ಭಟ್ಟರ ಕೋಣೆಗೆ ಓಡಿದರು. ಇಬ್ಬರೂ ಒಂದೇ ಸೀಮೆಯವರು, ಮಾತು ಹವ್ಯಕರ ಮನೆಮಾತಿನಲ್ಲೇ.

"ಭಟ್ರೇ, ಆನು ಬರದ್ದು ತಪ್ಪಾತು. ಆ ಕೂಸು ಕದ್ದಿದ್ದಿಲ್ಲೆ."

"ನಿನ್ನ ಪೆಟ್ಟಿಗೆ ತಪ್ಪತಿಲ್ಲೆ ಹೇಳಿ ಊರೆಲ್ಲಾ ಹೇಳ್ಕ್ಯಂಡು ಬಂದವ ಆನು," ಭಟ್ಟರು ನಗಲು ನೋಡಿದರು, ಆಗಲಿಲ್ಲ. "ಪರೀಕ್ಷೆ ಪಟ್ಟಿ ಮೊನ್ನೆನೇ ಹೋತು ಲಕ್ಷ್ಮೀ. ಇನ್ನು ಎಂತಾ ಮಾಡಲೂ ಬತ್ತಿಲ್ಲೆ."

ಆದರೂ ಭಟ್ಟರು ಅಂದೇ ವಿಶ್ವವಿದ್ಯಾಲಯಕ್ಕೆ ಫೋನು ಮಾಡಿಸಿದರು, ಪತ್ರ ಬರೆದರು. ಕೊನೆಯ ದಿನಾಂಕ ಮುಗಿದಿದೆ ಎಂಬ ಒಂದು ಸಾಲಿನ ಉತ್ತರ ಬಂದಾಗ ಸೌಮ್ಯ ಹಾಸ್ಟೆಲಿನ ಟ್ರಂಕು ಎತ್ತಿಕೊಂಡು ಊರಿಗೆ ಹೋಗಿಯಾಗಿತ್ತು.

ಭಾನುವಾರ ಮೇಡಂ ಬನವಾಸಿಯಲ್ಲಿ ಬಸ್ಸಿಳಿದು, ಗದ್ದೆಯ ದಾರಿಯಲ್ಲಿ ಕೇಳುತ್ತ ಕೇಳುತ್ತ ನಡೆದರು. ತಲುಪಿದಾಗ ಮಧ್ಯಾಹ್ನ ದಾಟಿತ್ತು. ಸೌಮ್ಯ ಅಂಗಳದಲ್ಲಿ ಶುಂಠಿ ಕೆರೆಯುತ್ತಿದ್ದಳು. ಅವರನ್ನು ಕಂಡವಳೇ ಎದ್ದು ಒಳಗೆ ಹೋದಳು.

"ಬರ್ರಿ ಅಕ್ಕೋರೆ, ಕುಂದರ್ರಿ," ಎಂದು ಚೌಡಮ್ಮ ಕಂಬಳಿ ಹಾಸಿದಳು.

ಮೇಡಂ ಫೋಟೋ ತೋರಿಸಿದರು. ಅವಳು ಬಹಳ ಹೊತ್ತು ನೋಡಿದಳು. "ಈ ಪಟ ತೆಗ್ದ ಹುಡುಗಿ ನಮ್ಮನ್ಯಾಗ ಎಂಟು ದಿನ ಬಂದು ಕುಂತಿದ್ಲು. ಭಾಳ ಮರ್ಯಾದಿ ಹುಡುಗಿ. ಒಂದು ಪಟ ಕೊಡ್ತೀನಿ ಅಂದಿದ್ಲು, ಮರ್ತಳು ಕಾಣಿಸ್ತೈತಿ."

"ತಪ್ಪು ನನ್ನದು, ಚೌಡಮ್ಮಾ. ಅವಳು ಹೇಳಿದ್ದನ್ನೂ ಕೇಳಲಿಲ್ಲ, ನೀನು ಹೇಳಿದ್ದನ್ನೂ ಕೇಳಲಿಲ್ಲ. ನಮಿತಾಳ ಪ್ರಬಂಧದಲ್ಲೂ ನನ್ನ ಚೀಟಿಯಲ್ಲೂ ನಿನ್ನ ಹೆಸರು ಬರೆದಿದ್ದೇನೆ."

"ಹೆಸರು ಬರದ್ರ ವರ್ಷ ವಾಪಸ್ ಬರ್ತೈತೇನ್ರಿ?"

ಕೇಳಿದ್ದು ಸಿಟ್ಟಿನಿಂದಲ್ಲ. ನಿಜವಾಗಿಯೂ ಬರಬಹುದೇನೋ ಎಂದು ತಿಳಿಯಲು ಕೇಳಿದ್ದಳು. ಅದನ್ನೇ ಮೇಡಂಗೆ ತಡೆದುಕೊಳ್ಳಲಾಗಲಿಲ್ಲ. ಮುಂದಿನ ವರ್ಷ ಹುಡುಗಿ ತಮ್ಮ ಮನೆಯಲ್ಲಿದ್ದು ಪರೀಕ್ಷೆ ಕಟ್ಟಲಿ ಎಂದರು. ಚೌಡಮ್ಮ ಒಳಬಾಗಿಲ ಕಡೆ ನೋಡಿದಳು. "ಆಕೀನ ಕೇಳ್ರಿ. ನಾ ಏನು ಹೇಳ್ಲಿ. ಬಂದಾಗಿಂದ ಪುಸ್ತಕ ಮುಟ್ಟಿಲ್ಲ."

ಮೇಡಂ ಅಲ್ಲಿಂದಲೇ ಕೇಳಿದರು. ಒಳಗೆ ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದಾಯಿತು. ಬಿಸಿಲು ಜಗುಲಿಯಿಂದ ಇಳಿಯಿತು. ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಅವರು ಎದ್ದು ಚಪ್ಪಲಿಗೆ ಕಾಲು ಹಾಕಿದರು.

ಸೌಮ್ಯ ಹೊರಗೆ ಬಂದಳು. ಮುಖ ಎತ್ತಲಿಲ್ಲ. ಅನ್ನದ ಮೇಲೆ ಹುರುಳಿ ಸಾರು ಬಡಿಸಿದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಕೈಗೆ ಕೊಟ್ಟಳು.